ಮೊದಲು ಯಾರ ದಾರಿ?

ಧಾರವಾಡ

ಚಿ. ಪಲ್ಲವಿಗೆ,

ನಿನ್ನ ದೊಡ್ಡಮ್ಮನ ಮೊಣಕಾಲು ನೋವು ಈ ಚಳಿಗೆ ಸ್ವಲ್ಪ ಹೆಚ್ಚಾಗಿದೆ, ಅಷ್ಟು ಬಿಟ್ಟರೆ ಚಿಂತೆಯಿಲ್ಲ. ಮಾಂಟ್ರಿಯಲ್‌ನ ಮೊದಲ ದೊಡ್ಡ ಹಿಮದ ಫೋಟೋಗಳನ್ನು ನೋಡಿದೆವು. ಜೊತೆಗೆ ನೀನು ಬರೆದ ಸಾಲುಗಳನ್ನು ಓದಿ ನಿನ್ನ ಅಪ್ಪ ಗಾಬರಿಯಾಗಿದ್ದಾನೆ. ಬೀದಿ ಹೂತುಹೋಗಿದೆ, ರಾತ್ರಿಯೆಲ್ಲ ಸೈರನ್ ಕೂಗುತ್ತದೆ, ಇನ್ನು ನಾಲ್ಕು ತಿಂಗಳು ಹೇಗೆ ಕಳೆಯಲಿ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಕೆಲಸ ಮಾಡಿಯೇ ನಿವೃತ್ತನಾದವನು ನಾನು. ಯಾವ ದೇಶದ ಸುದ್ದಿ ಓದಿದರೂ ಅಲ್ಲಿನ ರಸ್ತೆ ಹೇಗಿದೆ, ಅದನ್ನು ನೋಡಿಕೊಳ್ಳುವವರು ಯಾರು ಎಂದೇ ಮನಸ್ಸು ಹೋಗುತ್ತದೆ.

ಆ ಸೈರನ್‌ಗೆ ಹೆದರಬೇಡ. ಹಿಮ ಎತ್ತಲು ನಿಮ್ಮ ಬೀದಿಗೆ ಬರುತ್ತಿದ್ದೇವೆ, ನಿಲ್ಲಿಸಿದ ಕಾರುಗಳನ್ನು ತೆಗೆಯಿರಿ ಎಂದು ಟೋಯಿಂಗ್ ಗಾಡಿಯವರು ಕೂಗಿಸುವ ಸೈರನ್ ಅದು. ನಿಮ್ಮ ಊರಿನಲ್ಲಿ ವರ್ಷಕ್ಕೆ ಸರಾಸರಿ ಎರಡು ಮೀಟರ್ ಹಿಮ ಬೀಳುತ್ತದೆ. ರಸ್ತೆ ಮತ್ತು ಫುಟ್‌ಪಾತ್ ಕೂಡಿಸಿದರೆ ತೆರವು ಮಾಡಬೇಕಾದದ್ದು ಸುಮಾರು 10,000 ಕಿಲೋಮೀಟರ್. ಹಿಮ ಬೀಳುತ್ತಿರುವಾಗಲೇ ಒಂದು ತಂಡ ಉಪ್ಪು, ಜಲ್ಲಿಪುಡಿ ಎರಚುತ್ತಾ, ಹಿಮವನ್ನು ಅಂಚಿಗೆ ತಳ್ಳುತ್ತಾ ಹೋಗುತ್ತದೆ. ಬಹಳ ಊರುಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮಾಂಟ್ರಿಯಲ್‌ನವರು ಅಲ್ಲಿಗೆ ಬಿಡುವುದಿಲ್ಲ. ಅಂಚಿನ ರಾಶಿ ಬೆಳೆದರೆ ಕಿತ್ತಳೆ ಬಣ್ಣದ ಫಲಕ ನೆಡುತ್ತಾರೆ, ಸೈರನ್ ಕೂಗಿಸುತ್ತಾರೆ, ನಿಂತ ಕಾರನ್ನು ಎಳೆದು ಪಕ್ಕದ ಬೀದಿಯಲ್ಲಿ ಬಿಡುತ್ತಾರೆ. ಆಮೇಲೆ ದೊಡ್ಡ ಯಂತ್ರವೊಂದು ಆ ರಾಶಿಯನ್ನು ನುಂಗಿ, ಪಕ್ಕದಲ್ಲೇ ಅದೇ ವೇಗದಲ್ಲಿ ಹೋಗುವ ಲಾರಿಯೊಳಗೆ ಉಗುಳುತ್ತಾ ಸಾಗುತ್ತದೆ. ಕಿಟಕಿಯಿಂದ ನೋಡು, ಆ ಇಬ್ಬರು ಚಾಲಕರು ಎಷ್ಟು ಅಳತೆಯಿಂದ ಜೊತೆ ಹಿಡಿದು ನಡೆಸುತ್ತಾರೆಂದು. ಲಾರಿಗಳು ಆ ಹಿಮವನ್ನು ಬಯಲಿಗೋ, ಫ್ರಾಂಕಾನ್ ಎಂಬ ಹಳೆಯ ಕಲ್ಲುಕ್ವಾರಿಗೋ ಸುರಿಯುತ್ತವೆ. ಕೆಲವು ಕಡೆ ದೊಡ್ಡ ಒಳಚರಂಡಿಯ ಬಾಯಿಗೇ ಸುರಿದುಬಿಡುತ್ತಾರೆ, ಕೊಳಚೆ ನೀರಿನ ಬಿಸುಪಿಗೆ ಅದು ಕರಗಿ ಹೋಗುತ್ತದೆ. ನಿನ್ನ ನಿದ್ದೆ ಕೆಡಿಸಿದ ಆ ಗದ್ದಲದಿಂದಲೇ ಬೆಳಿಗ್ಗೆ ನೀನು ಕಾಲೇಜಿಗೆ ನಡೆದು ಹೋಗುವುದು ಸಾಧ್ಯವಾಗಿದೆ.

ಇದನ್ನು ಅಟ್ಲಾಂಟಾದ ಪಕ್ಕ ಇಟ್ಟು ನೋಡು. 2014ರ ಜನವರಿ 28ರಂದು ಅಮೆರಿಕದ ಆ ದಕ್ಷಿಣದ ನಗರದಲ್ಲಿ ಬಿದ್ದ ಹಿಮ ಆರೇಳು ಸೆಂಟಿಮೀಟರ್, ನಿನ್ನ ಅಂಗೈ ಅಗಲದಷ್ಟು. ಶಾಲೆ, ಕಚೇರಿ, ಕಂಪನಿಗಳೆಲ್ಲ ಒಂದೇ ಹೊತ್ತಿಗೆ ಜನರನ್ನು ಮನೆಗೆ ಬಿಟ್ಟವು. ಎಲ್ಲ ಕಾರುಗಳೂ ಒಟ್ಟಿಗೆ ರಸ್ತೆಗಿಳಿದು, ಚಕ್ರದಡಿ ಸಿಕ್ಕ ಹಿಮ ಗಟ್ಟಿಯಾಗಿ ಗಾಜಿನಂತಾಯಿತು. ಉಪ್ಪು ಎರಚಬೇಕಾದ ಲಾರಿಗಳು ಅದೇ ಸಾಲಿನಲ್ಲಿ ಸಿಕ್ಕಿಕೊಂಡವು. ಸಾವಿರಾರು ಮಂದಿ ಕಾರಿನಲ್ಲೇ ರಾತ್ರಿ ಕಳೆದರು, ಮಕ್ಕಳು ಶಾಲೆಯ ನೆಲದ ಮೇಲೆ ಮಲಗಿದರು. ಎರಡು ಮೀಟರ್ ಬಿದ್ದ ಊರು ನಡೆಯುತ್ತದೆ, ಅಂಗೈ ಅಗಲ ಬಿದ್ದ ಊರು ನಿಂತುಹೋಗುತ್ತದೆ. ಅಟ್ಲಾಂಟಾದವರು ದಡ್ಡರಲ್ಲ. ಅಪರೂಪಕ್ಕೆ ಬೀಳುವ ಹಿಮಕ್ಕಾಗಿ ನೂರಾರು ಯಂತ್ರ ಇಟ್ಟುಕೊಳ್ಳಲು ಯಾವ ನಗರಸಭೆಗೂ ಆಗುವುದಿಲ್ಲ. ಆದರೆ ಯಾರು ಯಾವಾಗ ಹೊರಡಬೇಕು ಎಂಬ ಸರದಿಗೆ ಯಂತ್ರ ಬೇಕಿರಲಿಲ್ಲ. ಹಿಮ ಬೀಳುವ ಮೊದಲೇ ಊರಿನವರು ಎರಡು ಪ್ರಶ್ನೆ ತೀರ್ಮಾನಿಸಿಕೊಂಡಿರಬೇಕು: ತೆಗೆಯುವವರು ಯಾರು, ಮೊದಲು ಯಾರ ದಾರಿ ತೆರೆಯಬೇಕು. ಒಂದೊಂದು ದೇಶ ಇದಕ್ಕೆ ಒಂದೊಂದು ಉತ್ತರ ಕಂಡುಕೊಂಡಿದೆ. ನಿನಗೆ ಹೇಳಬೇಕೆಂದು ಕೂತದ್ದು ಅದನ್ನೇ.

ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಉತ್ತರ ಜಪಾನಿನದು. ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು, ಬೆಟ್ಟಕ್ಕೆ ಬಡಿದು, ಪಶ್ಚಿಮ ಕರಾವಳಿಯ ಮೇಲೆ ಹಿಮವಾಗಿ ಸುರಿಯುತ್ತದೆ. ನೀಗಾತ ಪ್ರಾಂತದ ತಕಾದ ಎಂಬ ಊರಿನಲ್ಲಿ 1945ರ ಫೆಬ್ರವರಿಯಲ್ಲಿ 377 ಸೆಂಟಿಮೀಟರ್ ಹಿಮ ನಿಂತಿತ್ತು. ನಮ್ಮ ಮನೆಯ ತಾರಸಿಯನ್ನು ಮುಟ್ಟುವ ಎತ್ತರ. ಆ ಊರಿನವರು ಮುನ್ನೂರು ವರ್ಷಗಳಿಗೂ ಹಿಂದಿನಿಂದ ಒಂದು ಕೆಲಸ ಮಾಡಿಕೊಂಡು ಬಂದಿದ್ದಾರೆ. ಬೀದಿಗೆ ಮುಖ ಮಾಡಿದ ಪ್ರತಿ ಮನೆಯವರೂ ತಮ್ಮ ಸ್ವಂತ ಜಾಗದ ಮುಂಭಾಗವನ್ನು ಬಿಟ್ಟುಕೊಟ್ಟು, ಅದರ ಮೇಲೆ ಸೂರು ಇಳಿಸುತ್ತಾರೆ. ಪಕ್ಕದ ಮನೆಯವರೂ ಹಾಗೇ. ಸೂರಿಗೆ ಸೂರು ಸೇರಿ ಉದ್ದಕ್ಕೂ ಮುಚ್ಚಿದ ಓಣಿಯಾಗುತ್ತದೆ. ಇದಕ್ಕೆ ಗಂಗಿ ಎನ್ನುತ್ತಾರೆ. ರಸ್ತೆಯ ನಡುವೆ ಹಿಮ ಗೋಡೆಯಂತೆ ಎದ್ದಿದ್ದರೂ ಗಂಗಿಯ ಕೆಳಗೆ ಮಕ್ಕಳು ಶಾಲೆಗೆ ಹೋಗುತ್ತಾರೆ, ಮುದುಕರು ಅಂಗಡಿಗೆ ಹೋಗುತ್ತಾರೆ. ತಕಾದದಲ್ಲಿ ಇಂಥ ಗಂಗಿ ಇಂದಿಗೂ ಕಿಲೋಮೀಟರುಗಟ್ಟಲೆ ಉಳಿದಿದೆ. ಜಾಗ ಮನೆಯವರದು, ಖರ್ಚು ಮನೆಯವರದು, ನಡೆಯುವ ಹಕ್ಕು ಮಾತ್ರ ಎಲ್ಲರದು. ರಸ್ತೆ ಅಗಲೀಕರಣಕ್ಕೆ ಮೂರಡಿ ಜಾಗ ಕೇಳಿ ಮನೆ ಮನೆಯ ಮುಂದೆ ನಿಂತವನಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು ಮಗಳೇ. ಈಗ ಮನೆಗಳು ಖಾಲಿಯಾಗಿ, ಕಟ್ಟಡ ಬಿದ್ದು, ಗಂಗಿ ಅಲ್ಲಲ್ಲಿ ತುಂಡಾಗುತ್ತಿದೆ. ನಡುವಿನ ಒಂದು ಮನೆ ಹೋದರೆ ದಾರಿ ಅಲ್ಲಿಗೇ ಕಡಿಯುತ್ತದೆ.

ಅದೇ ಪ್ರಾಂತದ ನಾಗಾವೋಕದವರು ಬೇರೆ ದಾರಿ ಹಿಡಿದರು. ಭೂಮಿಯೊಳಗಿನ ನೀರು ಚಳಿಗಾಲದಲ್ಲೂ ಹದಿಮೂರು, ಹದಿನಾಲ್ಕು ಡಿಗ್ರಿ ಇರುತ್ತದಲ್ಲ, ಅದನ್ನು ಪಂಪ್ ಮಾಡಿ ರಸ್ತೆಯ ನಡುವೆ ಹೂತ ಪೈಪಿನ ತೂತುಗಳಿಂದ ಚಿಮ್ಮಿಸಿದರು. 1960ರ ದಶಕದ ಆರಂಭದಲ್ಲಿ ಶುರುವಾದ ಈ ಉಪಾಯ ಹಿಮದ ನಾಡಿನಲ್ಲೆಲ್ಲ ಹಬ್ಬಿತು. ಅಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ರಸ್ತೆಗಳು ತುಕ್ಕಿನ ಕೆಂಪು ಬಣ್ಣಕ್ಕೆ ತಿರುಗಿವೆ. ನೀರು ಅತಿಯಾಗಿ ಎತ್ತಿದ ಕಡೆ ಅಂತರ್ಜಲ ಇಳಿದು ನೆಲವೇ ಕುಸಿಯಿತು. ಈಗ ಹಿಮ ಬೀಳುವಾಗ ಮಾತ್ರ ತಾನಾಗಿ ತೆರೆದುಕೊಳ್ಳುವಂತೆ ಸೆನ್ಸರ್ ಕೂಡಿಸಿ ನೀರು ಉಳಿಸುತ್ತಾರೆ.

ಆದರೂ ಜಪಾನಿನಲ್ಲಿ ಹಿಮ ಇವತ್ತಿಗೂ ಜೀವ ತೆಗೆಯುತ್ತದೆ. 2005-06ರ ಚಳಿಗಾಲದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ತಮ್ಮದೇ ಮನೆಯ ಮಾಡಿನ ಮೇಲೆ ಹಿಮ ಎಳೆಯಲು ಹತ್ತಿ ಜಾರಿ ಬಿದ್ದವರು, ಇಲ್ಲವೇ ಮಾಡಿನಿಂದ ಜಾರಿದ ಹಿಮದಡಿ ಸಿಕ್ಕವರು. ಮಕ್ಕಳು ಟೋಕಿಯೋದಲ್ಲಿ, ಎಪ್ಪತ್ತು ದಾಟಿದ ತಂದೆ ಸಲಿಕೆ ಹಿಡಿದು ಮಾಡಿನ ಮೇಲೆ. ಯಾವ ಪೈಪೂ ಆ ಮುದುಕನ ಮಾಡನ್ನು ತಲುಪುವುದಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತೆಗೆಯುವವರು ಯಾರು ಎಂಬುದಕ್ಕೆ ಜರ್ಮನಿಯ ಉತ್ತರ ಬೇರೆ. ಅಲ್ಲಿ ಮನೆ ಮುಂದಿನ ಫುಟ್‌ಪಾತ್ ತೆರವು ಮಾಡುವುದು ಹೆಚ್ಚಿನ ಕಡೆ ಮನೆಯವರದೇ ಹೊಣೆ. ಬಾಡಿಗೆ ಕರಾರಿನಲ್ಲಿ ಬರೆದಿದ್ದರೆ ಅದು ಬಾಡಿಗೆದಾರರಿಗೆ ಬರುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ದಾರಿ ತೆರೆದಿರದೆ ಯಾರಾದರೂ ಜಾರಿ ಬಿದ್ದರೆ ಪರಿಹಾರ ಕೊಡಬೇಕಾಗಿ ಬರಬಹುದು.

ಎರಡನೆಯ ಪ್ರಶ್ನೆಗೆ, ಮೊದಲು ಯಾರ ದಾರಿ ಎಂಬುದಕ್ಕೆ, ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಎಂಬ ಪುಟ್ಟ ಊರು ಕೊಟ್ಟ ಉತ್ತರ ನನ್ನ ವೃತ್ತಿಯವರೆಲ್ಲ ಓದಬೇಕಾದದ್ದು. ಎಲ್ಲ ಊರಿನಂತೆ ಅಲ್ಲಿಯೂ ಮೊದಲು ಹೆದ್ದಾರಿ, ಆಮೇಲೆ ದೊಡ್ಡ ರಸ್ತೆ, ಕೊನೆಗೆ ಫುಟ್‌ಪಾತ್. ಸುಮಾರು 2011ರಲ್ಲಿ ಅಲ್ಲಿನ ಆಡಳಿತ ತನ್ನ ಕೆಲಸಗಳನ್ನೆಲ್ಲ ಹೆಣ್ಣು–ಗಂಡು ಎಂಬ ದೃಷ್ಟಿಯಿಂದ ಮತ್ತೆ ಪರಿಶೀಲಿಸತೊಡಗಿತು. ಹಿಮ ತೆಗೆಯುವುದರಲ್ಲಿ ಅದೇನು ಬಂತು ಎಂದುಕೊಂಡವರಿಗೆ ಲೆಕ್ಕವೇ ಉತ್ತರ ಕೊಟ್ಟಿತು. ಬೆಳಿಗ್ಗೆ ಕಾರಿನಲ್ಲಿ ಹೋಗುವವರಲ್ಲಿ ಗಂಡಸರು ಹೆಚ್ಚು. ಮಗುವಿನ ಗಾಡಿ ತಳ್ಳಿಕೊಂಡು ಶಿಶುವಿಹಾರಕ್ಕೆ, ಅಲ್ಲಿಂದ ಬಸ್ ಸ್ಟಾಪಿಗೆ, ಸಂಜೆ ಅಂಗಡಿಗೆ ನಡೆಯುವವರಲ್ಲಿ ಹೆಂಗಸರು ಹೆಚ್ಚು. ಚಳಿಗಾಲದಲ್ಲಿ ಜಾರಿ ಬಿದ್ದು ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರುವವರಲ್ಲೂ ನಡೆಯುವವರೇ ಮುಂದು. ಅಂಗೈ ಅಗಲ ಹಿಮದಲ್ಲಿ ಕಾರು ನಿಧಾನವಾಗಿಯಾದರೂ ಸಾಗುತ್ತದೆ, ಮಗುವಿನ ಗಾಡಿ ಒಂದು ಮಾರೂ ಸಾಗುವುದಿಲ್ಲ. ಸರದಿ ತಿರುಗಿಸಿದರು. ಫುಟ್‌ಪಾತ್, ಸೈಕಲ್ ದಾರಿ, ಶಿಶುವಿಹಾರದ ದಾರಿ ಮುಂದಕ್ಕೆ ಬಂದವು. ಇದೇ ದಾರಿಯಲ್ಲಿ ನಡೆದ ಸ್ಟಾಕ್‌ಹೋಮ್‌ನಲ್ಲಿ 2016ರ ನವೆಂಬರಿನಲ್ಲಿ ಒಂದೇ ದಿನ ಸುಮಾರು 40 ಸೆಂಟಿಮೀಟರ್ ಹಿಮ ಬಿದ್ದು ಬಸ್ಸುಗಳು ನಿಂತಾಗ, ಎಲ್ಲದಕ್ಕೂ ಈ ಹೊಸ ಸರದಿಯೇ ಕಾರಣವೆಂದು ಟೀಕೆ ಬಂತು. ಅಷ್ಟು ಹಿಮಕ್ಕೆ ಯಾವ ಸರದಿಯೂ ಸಾಲದು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲೂ ರಸ್ತೆಗೆ ಮೊದಲು ಡಾಂಬರು, ಆಮೇಲೆ ದುಡ್ಡು ಉಳಿದರೆ ಫುಟ್‌ಪಾತ್. ಕಾರ್ಲ್‌ಸ್ಕೂಗಾದ ಲೆಕ್ಕಕ್ಕೆ ಹಿಮವೇ ಬೀಳಬೇಕೆಂದಿಲ್ಲ.

ಯಂತ್ರವಿಲ್ಲದ ಕಡೆ ಜನ ಏನು ಮಾಡುತ್ತಾರೆ? ಅದನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ ನಲವತ್ತು ದಿನಕ್ಕೆ ಚಿಲ್ಲಾಯ್ ಕಲಾನ್ ಎಂದು ಹೆಸರು, ಅದೇ ಕಡು ಚಳಿಯ ಕಾಲ. ಅದರ ಬೆನ್ನಿಗೇ ಇಪ್ಪತ್ತು ದಿನದ್ದು, ಹತ್ತು ದಿನದ್ದು ಎರಡು ಇಳಿ ಚಳಿ. ವಯಸ್ಸಿನಲ್ಲಿದ್ದಾಗ ಒಮ್ಮೆ ಜನವರಿಯಲ್ಲೇ ಇಲಾಖೆಯ ಕೆಲಸಕ್ಕೆ ಶ್ರೀನಗರಕ್ಕೆ ಹೋಗಿದ್ದೆ. ಉಳಿದ ಮನೆಯ ಅಜ್ಜಿ ನನ್ನ ಕೈಗೆ ಕಾಂಗ್ಡಿ ಕೊಟ್ಟರು. ಬೆತ್ತದಂಥ ಕಡ್ಡಿಯಿಂದ ಹೆಣೆದ ಬುಟ್ಟಿ, ಒಳಗೆ ಮಣ್ಣಿನ ಮಡಕೆ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ಕಾವು ಇಳಿದಾಗ ಬುಟ್ಟಿಗೆ ಕಟ್ಟಿದ ಪುಟ್ಟ ಸೌಟಿನಿಂದ ಅಂಚಿನ ಬೂದಿಯನ್ನು ಮೆಲ್ಲಗೆ ಕೆದಕುತ್ತಿದ್ದರು. ನಡುವೆ ಕೈ ಹಾಕಿದರೆ ಕೆಂಡ ಬೇಗ ಮುಗಿಯುತ್ತದಂತೆ. ಅಟ್ಟದಲ್ಲಿ ಬೇಸಿಗೆಯಲ್ಲೇ ಒಣಗಿಸಿದ ಬದನೆ, ಸೋರೆ, ಟೊಮೆಟೊ, ದಾರಕ್ಕೆ ಪೋಣಿಸಿ ತೂಗುಹಾಕಿದ್ದವು. ನಿನ್ನ ಅಜ್ಜಿ ಮಲೆನಾಡಿನ ಮಳೆಗಾಲಕ್ಕೆಂದು ಹಪ್ಪಳ, ಸಂಡಿಗೆ, ಒಣಸೌದೆ ಕೂಡಿಡುತ್ತಿದ್ದ ಹಾಗೆ. ಹೆದ್ದಾರಿ ಮುಚ್ಚಿ ಲಾರಿ ಬರದ ದಿನಗಳಿಗೆ ಆ ಅಟ್ಟವೇ ಆಧಾರ.

ಹಿಮ ಬೆಟ್ಟದಿಂದ ಕುಸಿದು ಬರುವ ಕಡೆ ಸಲಿಕೆಯ ಮಾತೇ ಇಲ್ಲ. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಊರಿನವರು 1397ರಲ್ಲೇ ಊರ ಮೇಲಿನ ಕಾಡನ್ನು ಯಾರೂ ಕಡಿಯಕೂಡದೆಂದು ಬರೆದಿಟ್ಟರು, ಮರಗಳು ಹಿಮವನ್ನು ಹಿಡಿದಿಡುತ್ತವೆಂದು. ಸಿಯಾಚಿನ್‌ನಲ್ಲಿ ಮರವೂ ಇಲ್ಲ. 2016ರ ಫೆಬ್ರವರಿ 3ರಂದು ಅಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ನಮ್ಮ ಜಿಲ್ಲೆಯ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಇಪ್ಪತ್ತೈದು ಅಡಿಗೂ ಆಳದ ಮಂಜುಗಡ್ಡೆ ಕೊರೆದು ಆರು ದಿನದ ಮೇಲೆ ಜೀವಂತ ತೆಗೆದಾಗ ಊರೂರಲ್ಲಿ ಪೂಜೆ ನಡೆಯಿತು, ನಿನಗೂ ನೆನಪಿರಬೇಕು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹಿಮದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಇವತ್ತೂ ಅವರ ಹೆಸರೇ ನೆನಪಾಗುತ್ತದೆ.

ಈಗ ನಿನ್ನ ವಿಷಯ. ನಿಮ್ಮ ಊರಿಗೂ ಒಮ್ಮೆ ಕೈ ಮೀರಿತ್ತು. 1998ರ ಜನವರಿಯಲ್ಲಿ ಬಿದ್ದ ಮಳೆ ಮುಟ್ಟಿದಲ್ಲೆಲ್ಲ ಗಡ್ಡೆಕಟ್ಟಿ, ಅದರ ಭಾರಕ್ಕೆ ವಿದ್ಯುತ್ತಿನ ದೊಡ್ಡ ಕಂಬಗಳು ಸಾಲುಸಾಲಾಗಿ ಮಡಚಿ ಬಿದ್ದವು. ಕ್ವಿಬೆಕ್ ಪ್ರಾಂತದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಕರೆಂಟಿಲ್ಲದೆ ಕೂತರು, ಕೆಲವು ಕಡೆ ತಿಂಗಳವರೆಗೆ. ಅಂಥ ಹೊತ್ತಿನಲ್ಲಿ ಚಳಿಯಷ್ಟೇ ಅಪಾಯಕಾರಿ ಹೊಗೆಯೊಳಗಿನ ವಿಷಾನಿಲ. ಮನೆಯೊಳಗೆ ಇದ್ದಿಲ ಒಲೆ, ಜನರೇಟರ್ ಹಚ್ಚಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿನ್ನ ರೂಮಿನಲ್ಲಿ ಅದರ ಅಲಾರಂ ಇದೆಯೇ ಎಂದು ಇವತ್ತೇ ನೋಡು. ಸ್ನೇಹಿತರ ಕಾರು ಹಿಮದಲ್ಲಿ ಸಿಕ್ಕಿಕೊಂಡರೆ ಹೊಗೆಕೊಳವೆಯ ಸುತ್ತ ಹಿಮ ತೆಗೆದ ಮೇಲೆಯೇ ಎಂಜಿನ್ ಚಾಲು ಮಾಡಬೇಕು. ಫಿನ್‌ಲೆಂಡಿನಲ್ಲಿ ಕತ್ತಲಲ್ಲಿ ನಡೆಯುವವರು ಬೆಳಕು ಹೊಳೆಯಿಸುವ ಬಿಲ್ಲೆ ತೊಡಬೇಕೆಂದು ಕಾನೂನೇ ಇದೆ. ಸಂಜೆ ನಾಲ್ಕೂವರೆಗೆ ಕತ್ತಲಾಗುವ ನಿಮ್ಮ ಊರಿಗೂ ಅದು ಬೇಕು, ಒಂದು ಕೊಂಡು ಕೋಟಿಗೆ ಸಿಕ್ಕಿಸು. ನಡೆಯುವಾಗ ಕೈ ಜೇಬಿನಲ್ಲಿ ಇರಬಾರದು. ಹೆಜ್ಜೆ ಚಿಕ್ಕದಾಗಿ, ಪಾದ ಪೂರ್ತಿ ಊರಿ ನಡೆ. ಉಪ್ಪನ್ನು ನೆಚ್ಚಬೇಡ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೆ ಅದರ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಆಮೇಲೆ ಕಾಲಿಗೆ ಹಿಡಿತ ಕೊಡುವುದು ಜಲ್ಲಿಪುಡಿ.

ಇನ್ನೊಂದು ಮಾತು. ನಿನ್ನ ಫೋಟೋದಲ್ಲಿ ಮನೆಯ ಹೊರಗಿನ ಕಬ್ಬಿಣದ ಮೆಟ್ಟಿಲು ಕಂಡಿತು, ಮಾಂಟ್ರಿಯಲ್ ಮನೆಗಳ ಗುರುತೇ ಅದು. ನಗರದ ಯಂತ್ರ ಫುಟ್‌ಪಾತಿನವರೆಗೆ ಬರುತ್ತದೆ, ಮೆಟ್ಟಿಲು ಹತ್ತುವುದಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸು ಎರಡು ದಿನದಿಂದ ಹೊರಗೆ ಬಂದಿಲ್ಲ ಎಂದು ಬರೆದಿದ್ದೀಯ. ಪಲ್ಲವೀ, ನಾಳೆ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಸಲಿಕೆ ತೆಗೆದುಕೊಂಡು ಅವರ ಬಾಗಿಲಿನಿಂದ ಬೀದಿಯವರೆಗೆ ಹಿಮ ತೆಗೆ, ಬಾಗಿಲು ತಟ್ಟಿ ಹಾಲು, ಔಷಧಿ ಏನಾದರೂ ಬೇಕೇ ಎಂದು ಕೇಳು. ಆಮೇಲೆ ನಿನ್ನ ಅಪ್ಪನಿಗೆ ಫೋನ್ ಮಾಡು.

ಇತಿ ನಿನ್ನ ಪ್ರೀತಿಯ,
ದೊಡ್ಡಪ್ಪ