ಬಂಕಿನ ಬೋರ್ಡೂ ಜೇಬಿನ ಲೆಕ್ಕವೂ

ಮಾನ್ವಿಯಲ್ಲಿ ಗಾಡಿ ಇಟ್ಟುಕೊಂಡವರಿಗೆಲ್ಲ ಒಂದೊಂದು ನೆಚ್ಚಿನ ಬಂಕ್ ಇರುತ್ತದೆ. ‘ಅಲ್ಲಿ ಎಣ್ಣಿ ಚೊಲೊ ಐತ್ರಿ, ಮೈಲೇಜ್ ಕೊಡ್ತೈತಿ’ ಎಂಬ ಮಾತು ಇಲ್ಲಿನ ಚಹಾದಂಗಡಿಯಲ್ಲೂ ಕೇಳುತ್ತದೆ, ದೇವದುರ್ಗದ ಬಸ್ ನಿಲ್ದಾಣದಲ್ಲೂ ಕೇಳುತ್ತದೆ. ಒಬ್ಬರಿಗೆ ಇಂಡಿಯನ್ ಆಯಿಲ್ ಆಗಬೇಕು, ಇನ್ನೊಬ್ಬರಿಗೆ ಭಾರತ್, ಮತ್ತೊಬ್ಬರಿಗೆ ಎಚ್‌ಪಿ. ಖಾಸಗಿ ಕಂಪನಿಯ ಪೆಟ್ರೋಲೇ ಶುದ್ಧ ಎನ್ನುವವರೂ ಇದ್ದಾರೆ, ಅದನ್ನು ಮುಟ್ಟಬಾರದು ಎನ್ನುವವರೂ ಇದ್ದಾರೆ. ಈ ನಂಬಿಕೆಯೇನೂ ಬಿಟ್ಟಿ ಬರುವುದಿಲ್ಲ. ಎದುರಿಗಿರುವ ಬಂಕ್ ಬಿಟ್ಟು ಊರಾಚೆಯದಕ್ಕೆ ಹೋದರೆ ಹೋಗಿ ಬರುವ ಎಣ್ಣೆ ಖರ್ಚು ನಮ್ಮದೇ. ಪ್ರೀಮಿಯಂ ಹಾಕಿಸಿದರೆ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು. ನನ್ನ ಮಾತು ಇಷ್ಟೇ: ಕಂಪನಿಯ ಹೆಸರು ನೋಡಿ ಪೆಟ್ರೋಲ್ ಆರಿಸುವುದರಿಂದ ಏನೂ ಉಳಿಯುವುದಿಲ್ಲ. ವ್ಯತ್ಯಾಸ ಇರುವುದು ನಿಜ, ಆದರೆ ಅದು ಒಂದೊಂದು ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ, ಅದರ ಅಳತೆಯಲ್ಲಿ, ಅದನ್ನು ನಡೆಸುವವರ ನಿಯತ್ತಿನಲ್ಲಿ ಇದೆ.

ಮೊದಲು ಈ ಎಣ್ಣೆ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಕರ್ನಾಟಕದಲ್ಲಿ ಕಚ್ಚಾ ತೈಲ ಸಂಸ್ಕರಿಸುವ ಕಾರ್ಖಾನೆ ಒಂದೇ, ಮಂಗಳೂರಿನ ಎಂಆರ್‌ಪಿಎಲ್. ಅಲ್ಲಿಂದ ಹಾಸನದ ಮೇಲೆ ಹಾದು ಬೆಂಗಳೂರಿನ ಹತ್ತಿರದ ದೇವನಗೊಂದಿಯವರೆಗೆ 360 ಕಿಲೋಮೀಟರಿಗೂ ಉದ್ದದ ಕೊಳವೆ ಮಾರ್ಗವಿದೆ. ಅದರಲ್ಲಿ ಹರಿದು ಬಂದ ಪೆಟ್ರೋಲನ್ನೇ ಸರ್ಕಾರಿ ಕಂಪನಿಗಳು ತಮ್ಮ ತಮ್ಮ ಟ್ಯಾಂಕರುಗಳಿಗೆ ತುಂಬಿಸಿಕೊಳ್ಳುತ್ತವೆ. ಇಂಡಿಯನ್ ಆಯಿಲ್, ಭಾರತ್, ಹಿಂದೂಸ್ತಾನ್ ಈ ಮೂರಕ್ಕೂ ರಾಜ್ಯದೊಳಗೆ ತಮ್ಮದೇ ಹೆಸರಿನ ಸಂಸ್ಕರಣಾಗಾರವಿಲ್ಲ. ವಿಶಾಖಪಟ್ಟಣದಲ್ಲಿ ಎಚ್‌ಪಿಯದು, ಕೊಚ್ಚಿಯಲ್ಲಿ ಭಾರತ್ ಕಂಪನಿಯದು, ಚೆನ್ನೈನಲ್ಲಿ ಇಂಡಿಯನ್ ಆಯಿಲ್ ಬಳಗದ್ದು ಇವೆ. ಆದರೆ ಪ್ರತಿ ಊರಿಗೂ ತನ್ನದೇ ಕಾರ್ಖಾನೆಯ ಎಣ್ಣೆ ಹೊತ್ತು ತರುವ ಹುಂಬತನವನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಹತ್ತಿರದಲ್ಲಿ ಯಾರದು ಸಿಗುತ್ತದೋ ಅವರಿಂದ ಪಡೆದು, ಬೇರೆ ಕಡೆ ಅಷ್ಟನ್ನೇ ಕೊಟ್ಟು ಲೆಕ್ಕ ಸರಿ ಮಾಡಿಕೊಳ್ಳುತ್ತವೆ. ಹೀಗಾಗಿ ಬೋರ್ಡಿನ ಮೇಲಿರುವ ಹೆಸರಿಗೂ ಪೆಟ್ರೋಲ್ ತಯಾರಾದ ಜಾಗಕ್ಕೂ ಸಂಬಂಧ ಇರಲೇಬೇಕೆಂದೇನಿಲ್ಲ.

ಎಲ್ಲಿ ತಯಾರಾದರೂ ಅದು ಒಂದೇ ಮಾನದಂಡಕ್ಕೆ, ಭಾರತೀಯ ಮಾನಕ ಬ್ಯೂರೋ ಬರೆದಿಟ್ಟ ಐಎಸ್ 2796ಕ್ಕೆ ಹೊಂದಬೇಕು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಪೆಟ್ರೋಲ್ ಕಡ್ಡಾಯವಾಯಿತು. ಗಂಧಕದ ಅಂಶ ಹತ್ತು ಲಕ್ಷಕ್ಕೆ 50 ಭಾಗ ಇದ್ದದ್ದು 10ಕ್ಕೆ ಇಳಿಯಿತು. ಇದು ಸರ್ಕಾರಿ ಕಂಪನಿಗೂ ಅನ್ವಯ, ಖಾಸಗಿಗೂ ಅನ್ವಯ. ಬೆಂಗಳೂರಿಗೊಂದು, ಮಾನ್ವಿಗೊಂದು ಎಂಬ ಭೇದವಿಲ್ಲ. ಎಥನಾಲ್ ಬೆರೆಸುವುದೂ ಹಾಗೆಯೇ. 20 ಪ್ರತಿಶತ ಎಥನಾಲ್ ಸೇರಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ಎರಡೇ ವರ್ಷಗಳಲ್ಲಿ ಸಾಮಾನ್ಯ ಪೆಟ್ರೋಲಿನ ಜಾಗವನ್ನು ಹಿಡಿಯಿತು. ಇತ್ತೀಚೆಗೆ ಮೈಲೇಜ್ ಕಡಿಮೆಯಾಯಿತು ಎಂದು ಬಂಕ್ ಬದಲಿಸಿದವರು ಇದನ್ನು ಗಮನಿಸಬೇಕು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಇ20 ಬಳಸಿದರೆ ಹಳೆಯ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ 3ರಿಂದ 4 ಪ್ರತಿಶತ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಯಾವ ಬಂಕಿಗೆ ಓಡಿದರೂ ಈ ಇಳಿತ ಬೆನ್ನು ಬಿಡುವುದಿಲ್ಲ.  

ಇಲ್ಲಿ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ‘ನೀವು ಏನರ ಹೇಳ್ರಿ, ನನ್ನ ಗಾಡಿ ಆ ಬಂಕಿನ ಎಣ್ಣಿಗೆ ಹೆಚ್ಚು ಓಡ್ತದ.’ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಅಳತೆಯ ವಿಧಾನ ಒರಟು, ಅಷ್ಟೇ. ನಮ್ಮ ಕಡೆ ಬಹಳ ಮಂದಿ ಹಾಕಿಸುವುದು ಇನ್ನೂರು ರೂಪಾಯಿ ಪೆಟ್ರೋಲ್, ಅಂದರೆ ಎರಡು ಲೀಟರಿಗೂ ತುಸು ಕಡಿಮೆ. ರಿಸರ್ವ್‌ಗೆ ಬಿದ್ದ ಹೊತ್ತು, ಗಾಡಿ ನಿಂತ ನೆಲದ ಓರೆ ಇವುಗಳಿಂದ ನೂರು ಮಿಲಿಲೀಟರಿನ ಲೆಕ್ಕ ಆಚೀಚೆ ಆಗುವುದು ಸಹಜ. ಎರಡು ಲೀಟರಿನಲ್ಲಿ ನೂರು ಮಿಲಿ ಎಂದರೆ 5 ಪ್ರತಿಶತ. ಅದರ ಮೇಲೆ ಗಾಳಿಯ ದಿಕ್ಕು, ಹಿಂದೆ ಕೂತವರು, ಟ್ಯಾಂಕಿನ ಮುಂದೆ ಇಟ್ಟುಕೊಂಡ ಗೊಬ್ಬರದ ಚೀಲ, ಚಕ್ರದಲ್ಲಿ ಇಳಿದ ಗಾಳಿ. ಮಾನ್ವಿಯಿಂದ ರಾಯಚೂರಿಗೆ ಒಬ್ಬರೇ ಹೋಗಿ ಬಂದ ದಿನದ ಮೈಲೇಜನ್ನೂ ಕಾಲುವೆ ದಂಡೆಯ ಕಚ್ಚಾ ದಾರಿಯಲ್ಲಿ ಹೊಲಕ್ಕೆ ತಿರುಗಿದ ದಿನದ ಮೈಲೇಜನ್ನೂ ಹೋಲಿಸಿ ಬಂಕಿಗೆ ಅಂಕ ಕೊಡುವುದು ನ್ಯಾಯವಲ್ಲ. ಎರಡು ಕಂಪನಿಗಳ ಪೆಟ್ರೋಲಿನ ನಡುವೆ ಇರಬಹುದಾದ ವ್ಯತ್ಯಾಸಕ್ಕಿಂತ ಈ ಏರುಪೇರೇ ದೊಡ್ಡದು.

ಇನ್ನೂ ಒಂದು ಸೂಕ್ಷ್ಮವಿದೆ. ಬಿಎಸ್-6 ಪೆಟ್ರೋಲಿನ ಸಾಂದ್ರತೆ, ಬಂಕಿನವರ ಬಾಯಲ್ಲಿ ಡೆನ್ಸಿಟಿ, 15 ಡಿಗ್ರಿ ಉಷ್ಣಾಂಶದಲ್ಲಿ ಘನ ಮೀಟರಿಗೆ 720ರಿಂದ 775 ಕಿಲೋ ಒಳಗಿರಬೇಕು. ಇದು ಸಾಕಷ್ಟು ಅಗಲವಾದ ಮಿತಿ. ಇಂದು ಬಂದ ಟ್ಯಾಂಕರಿನದು 735, ಮುಂದಿನ ವಾರದ್ದು 750 ಇದ್ದರೆ ಎರಡೂ ಶುದ್ಧವೇ. ತೂಕದಲ್ಲಿ ಮಾತ್ರ ಲೀಟರಿಗೆ 2 ಪ್ರತಿಶತ ಅಂತರ. ಅಂದರೆ ಒಂದೇ ಬಂಕಿನಲ್ಲಿ ವಾರದಿಂದ ವಾರಕ್ಕೆ ಆಗುವ ಬದಲಾವಣೆ, ಎದುರುಬದುರಿನ ಎರಡು ಕಂಪನಿಗಳ ನಡುವಿನದಕ್ಕಿಂತ ಹೆಚ್ಚಿರಬಹುದು. ಡೆನ್ಸಿಟಿ ಹೆಚ್ಚಿದ್ದಷ್ಟೂ ಒಳ್ಳೆಯ ಪೆಟ್ರೋಲ್ ಎಂದು ಮೊಬೈಲಿನಲ್ಲಿ ಹರಿದಾಡುವ ಮಾತಿಗೂ ಅರ್ಥವಿಲ್ಲ. ಸೀಮೆ ಎಣ್ಣೆ ಬೆರೆತರೂ ಡೆನ್ಸಿಟಿ ಏರುತ್ತದೆ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಲಾಭ ಎಂಬುದೂ ಹೀಗೆಯೇ. ಹೊರಗೆ 42 ಡಿಗ್ರಿ ಬಿಸಿಲಿದ್ದರೂ ನೆಲದಡಿಯ ಟ್ಯಾಂಕಿನ ಉಷ್ಣಾಂಶ ಬೆಳಗಿನಿಂದ ಸಂಜೆಗೆ ಹೆಚ್ಚು ಕದಲುವುದಿಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಮೂಲ ಪೆಟ್ರೋಲ್ ಒಂದೇ ಆದರೂ ಕಂಪನಿಗಳು ಅದಕ್ಕೆ ಬೆರೆಸುವ ರಾಸಾಯನಿಕಗಳು ಬೇರೆ ಬೇರೆ. ಎಂಜಿನ್ ಒಳಗೆ ಮಸಿ ಕಟ್ಟದಂತೆ ತೊಳೆಯುವ ಗುಣ ಅವುಗಳಿಗಿದೆ. ಅಮೆರಿಕದ ವಾಹನ ಮಾಲೀಕರ ಸಂಘ ‘ಎಎಎ’ 2016ರಲ್ಲಿ ಪರೀಕ್ಷೆ ಮಾಡಿಸಿದಾಗ, ಹೆಚ್ಚು ತೊಳೆಯುವ ಅಂಶವಿದ್ದ ಪೆಟ್ರೋಲಿಗಿಂತ ಅದು ಕಡಿಮೆ ಇದ್ದ ಪೆಟ್ರೋಲಿನಲ್ಲಿ 19 ಪಟ್ಟು ಹೆಚ್ಚು ಮಸಿ ಕಟ್ಟಿತ್ತು. ಇದನ್ನು ಒಪ್ಪುತ್ತೇನೆ. ಆದರೆ ಅದು ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಕಾಣುವ ಸಂಗತಿ. ನಿನ್ನೆ ಹಾಕಿಸಿ ಇಂದು ‘ಪಿಕಪ್ ಬಂತು’ ಎನ್ನಲು ಅದು ಆಧಾರವಲ್ಲ. ಎಕ್ಸ್‌ಪಿ95, ಸ್ಪೀಡ್, ಪವರ್95 ಎಂಬ ಪ್ರೀಮಿಯಂ ಹೆಸರುಗಳ ಮುಖ್ಯ ಆಕರ್ಷಣೆ ಆಕ್ಟೇನ್ ಸಂಖ್ಯೆ. ಅದು ಎಂಜಿನ್ ಬಡಿತ ತಡೆಯುವ ಗುಣವನ್ನು ಅಳೆಯುತ್ತದೆ, ಶಕ್ತಿಯನ್ನಲ್ಲ. ಬಿಎಸ್-6 ಪೆಟ್ರೋಲಿನ ಕನಿಷ್ಠ ಆಕ್ಟೇನ್ 91. ಎಥನಾಲಿನಿಂದಾಗಿ ಇ20 ಪೆಟ್ರೋಲಿನದು 95 ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಆ ಲೆಕ್ಕದಲ್ಲಿ ಸಾಮಾನ್ಯ ಪೆಟ್ರೋಲೇ 95 ಮುಟ್ಟಿದ ಮೇಲೆ ನೂರು, ನೂರಿಪ್ಪತ್ತೈದು ಸಿಸಿಯ ಬೈಕಿಗೆ ಪ್ರೀಮಿಯಂ ಯಾಕೆ? ದಿನಕ್ಕೆ 30 ಕಿಲೋಮೀಟರ್ ಓಡಿಸಿ, ಲೀಟರಿಗೆ 50 ಪಡೆಯುವವರು ತಿಂಗಳಿಗೆ 18 ಲೀಟರ್ ಬಳಸುತ್ತಾರೆ. ಲೀಟರಿಗೆ 8 ರೂಪಾಯಿ ಹೆಚ್ಚೆಂದರೆ ತಿಂಗಳಿಗೆ 144, ವರ್ಷಕ್ಕೆ 1,728 ರೂಪಾಯಿ. ಎರಡು ಸಲ ಸರ್ವಿಸ್ ಮಾಡಿಸಿ ಆಯಿಲ್, ಏರ್ ಫಿಲ್ಟರ್ ಬದಲಿಸಲು ಆ ಹಣ ಸಾಕು. ಗಾಡಿಯ ಕೈಪಿಡಿಯಲ್ಲೇ ಹೆಚ್ಚಿನ ಆಕ್ಟೇನ್ ಕೇಳಿದ್ದರೆ ಮಾತು ಬೇರೆ.

ಹಾಗಾದರೆ ಕೆಟ್ಟ ಪೆಟ್ರೋಲ್ ಎಂಬುದೇ ಇಲ್ಲವೇ? ಇದೆ, ಆದರೆ ಅದು ಹುಟ್ಟುವುದು ಡಿಪೊ ದಾಟಿದ ಮೇಲೆ. ಕೋಲಾರದ ಚಿನ್ನದ ಗಣಿಯ ಊರಿನಿಂದ ಹೋಗಿ ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿದ್ದ ಷಣ್ಮುಗಂ ಮಂಜುನಾಥ್ ಅವರನ್ನು 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕೊಂದದ್ದು ಕಲಬೆರಕೆ ಹಿಡಿದದ್ದಕ್ಕೆ. ಅವರು ಬಾಗಿಲು ಹಾಕಿಸಿದ್ದು ತಮ್ಮದೇ ಕಂಪನಿಯ ಬೋರ್ಡು ಹೊತ್ತ ಬಂಕಿಗೆ ಎಂಬುದನ್ನು ಮರೆಯಬಾರದು. ಆಗ ರೇಷನ್ ಸೀಮೆ ಎಣ್ಣೆ ಅತಿ ಅಗ್ಗ, ಬೆರೆಸಿದರೆ ಲೀಟರಿಗೆ ಹತ್ತಾರು ರೂಪಾಯಿ ಲಾಭ. 2016ರಿಂದ ಅದರ ಬೆಲೆಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಬಂದು 2020ರ ಹೊತ್ತಿಗೆ ಕೇಂದ್ರದ ಸಬ್ಸಿಡಿ ನಿಂತಿತು. ಆ ಆಸೆಯ ಬೇರು ಒಣಗಿತು. ಈಗಿನ ಹೆಚ್ಚಿನ ಚಿಂತೆ ನೀರು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಸಡಿಲವಿರುವ, ಮಳೆ ನೀರು ಜಿನುಗುವ ಟ್ಯಾಂಕಿನಲ್ಲಿ ನೀರೂ ಎಥನಾಲೂ ಒಂದಾಗಿ ತಳಕ್ಕೆ ಇಳಿಯುತ್ತವೆ, ಪಂಪ್ ಅದನ್ನೇ ಎತ್ತಿ ಗಾಡಿಗೆ ಹಾಕುತ್ತದೆ. ವ್ಯಾಪಾರ ಜೋರಾಗಿರುವ, ಟ್ಯಾಂಕರ್ ಮೇಲಿಂದ ಮೇಲೆ ಬರುವ ಬಂಕಿನಲ್ಲಿ ಎಣ್ಣೆ ನಿಂತು ಹಳಸುವುದಿಲ್ಲ. ಬೋರ್ಡಿನ ಬಣ್ಣಕ್ಕಿಂತ ಈ ಗುರುತು ನಂಬಿಕೆಗೆ ಅರ್ಹ.

ಅಳತೆಯ ಮೋಸ ಗುಣಮಟ್ಟದ ಮೋಸಕ್ಕಿಂತ ಸುಲಭ. 2017ರಲ್ಲಿ ಲಖನೌದ ಬಂಕುಗಳಲ್ಲಿ ಯಂತ್ರದೊಳಗೆ ಚಿಪ್ ಕೂರಿಸಿ ಕಡಿಮೆ ಹಾಕುತ್ತಿದ್ದುದನ್ನು ಪೊಲೀಸರು ಹಿಡಿದಾಗ ಅದು ಯಾವುದೋ ಒಂದು ಕಂಪನಿಯ ರೋಗವಾಗಿರಲಿಲ್ಲ. ನೂರರ ಬದಲು ನೂರಹತ್ತು ರೂಪಾಯಿ ಹಾಕಿಸಿದರೆ ಮೋಸ ಆಗದು ಎನ್ನುವವರಿದ್ದಾರೆ. ಯಂತ್ರವನ್ನೇ ತಿರುಚಿದ್ದರೆ ನೂರಹತ್ತಕ್ಕೂ ಅದೇ ಪ್ರಮಾಣದಲ್ಲಿ ಕಡಿತ. ಇನ್ನು ಹಳ್ಳಿಯ ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲ್. ಲೀಟರಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು, ಬಿಸಿಲಿಗೆ ಇಟ್ಟ, ಕತ್ತಿನವರೆಗೂ ತುಂಬದ ನೀರಿನ ಬಾಟಲಿ ಕೊಳ್ಳುವವರು ಬಂಕುಗಳ ಶುದ್ಧತೆಯ ಬಗ್ಗೆ ವಾದ ಮಾಡುವುದು ವಿಚಿತ್ರ. ಪರವಾನಗಿ ಇಲ್ಲದೆ ಹಾಗೆ ಮಾರುವುದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು.

ಅನುಮಾನ ಬಂದರೆ ಊಹೆ ಬೇಡ, ಪರೀಕ್ಷೆ ಕೇಳಬೇಕು. ನಾಝಲ್ ಒರೆಸಿ ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಟ್ಟರೆ ಶುದ್ಧ ಪೆಟ್ರೋಲ್ ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರಬೇಕು. ತೆಳು ಗುಲಾಬಿ ಛಾಯೆ ಉಳಿದರೆ ಅದು ಪೆಟ್ರೋಲಿನದೇ ಬಣ್ಣ. ಡೆನ್ಸಿಟಿ ನೋಡಲು 500 ಮಿಲಿಲೀಟರ್ ಜಾರ್, ಹೈಡ್ರೋಮೀಟರ್, ಥರ್ಮಾಮೀಟರ್ ಬಂಕಿನಲ್ಲೇ ಇರಬೇಕು. ನಮ್ಮ ಬೇಸಿಗೆಯ 38 ಡಿಗ್ರಿಯಲ್ಲಿ 725 ತೋರಿದರೆ ಗಾಬರಿ ಬೇಡ. ಪಟ್ಟಿ ನೋಡಿ 15 ಡಿಗ್ರಿಗೆ ಬದಲಿಸಿದಾಗ ಅದು 745ರ ಆಸುಪಾಸು ಬರುತ್ತದೆ. ಬಂಕಿನ ದಾಖಲೆಯ ಅಂಕಿಗೂ ಇದಕ್ಕೂ 3ಕ್ಕಿಂತ ಹೆಚ್ಚು ಅಂತರ ಇರಕೂಡದು. ಜಾಣತನದಿಂದ ಬೆರೆಸಿದ ದ್ರಾವಕವನ್ನು ಈ ಎರಡು ಪರೀಕ್ಷೆಗಳೂ ಹಿಡಿಯಲಾರವು, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಅಳತೆಗೆ ಆ ತೊಡಕಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರ್ ಕ್ಯಾನ್ ಪ್ರತಿ ಬಂಕಿನಲ್ಲೂ ಇರಬೇಕು, ಅದರಲ್ಲಿ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆಯಾಗುವಂತಿಲ್ಲ. ಅಳೆದು ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು, ಅದಕ್ಕೆ ಹಣ ಕೊಡಬೇಕಾಗಿಲ್ಲ. ಕೇಳಿದ ಕೂಡಲೇ ಕ್ಯಾನ್ ತಂದು ಅಳೆದು ತೋರಿಸುವ ಬಂಕ್ ಯಾವ ಕಂಪನಿಯದಾದರೂ ಸರಿ, ಅಲ್ಲೇ ಹಾಕಿಸಿ. ನೆಪ ಹೇಳಿ ಸಾಗಹಾಕುವ ಬಂಕಿನ ಮೇಲೆ ಮಾಪನಶಾಸ್ತ್ರ ಇಲಾಖೆಗೆ ದೂರು ಬರೆಯಿರಿ.