ಜಾಲತಾಣವೂ ವಿದ್ಯಾರ್ಥಿಯ ಮನಸ್ಸೂ

ಮದ್ದೂರಿನ ಶಿವಪುರದ ಹೆಸರನ್ನು ಕೇಳದ ಕನ್ನಡಿಗರು ವಿರಳ. 1938ರ ಏಪ್ರಿಲ್ ತಿಂಗಳಲ್ಲಿ, ಸರ್ಕಾರದ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಏರಿಸಲು ಸಾವಿರಾರು ಜನರು ಅಲ್ಲಿ ನೆರೆದರು. ಒಬ್ಬರ ಮುಖವನ್ನೊಬ್ಬರು ಕಂಡು ಧೈರ್ಯಗೊಂಡರು. ಇಂದು ಆ ಊರಿನಿಂದ ಮೈಸೂರಿಗೋ ಬೆಂಗಳೂರಿಗೋ ಓದಲು ಹೋಗುವ ತರುಣ ತರುಣಿಯರು ಅದಕ್ಕಿಂತಲೂ ದೊಡ್ಡ ಜನಸ್ತೋಮವನ್ನು ಅಂಗೈಯೊಳಗಿನ ಮೊಬೈಲಿನಲ್ಲಿಯೇ ನಿತ್ಯವೂ ಕಾಣುತ್ತಾರೆ. ಈ ನೆರವಿ ಅವರ ಮನಸ್ಸಿಗೆ ಹಿತವೋ, ಅಹಿತವೋ?

ಜಾಲತಾಣದಲ್ಲಿ ಬಹಳ ಹೊತ್ತು ಕಳೆಯುವವರು ಖಿನ್ನರಾಗಿದ್ದರೆ, ತಪ್ಪು ಜಾಲತಾಣದ್ದೆಂದು ಹೇಳಿಬಿಡುವುದು ಸುಲಭ. ಆದರೆ ಖಿನ್ನರಾದವರೇ ಬೇಸರ ಕಳೆಯಲು ಅದರ ಮೊರೆಹೊಕ್ಕಿರಲೂಬಹುದು. ಮಳೆಯ ದಿನ ಕೊಡೆಗಳು ಹೆಚ್ಚಾಗಿ ಕಾಣುತ್ತವೆಂದು, ಕೊಡೆಯೇ ಮಳೆಯನ್ನು ತಂದಿತೆನ್ನಲಾದೀತೆ?

ಈ ತೊಡಕನ್ನು ಬಿಡಿಸಲು ಒಂದು ಅವಕಾಶ ತಾನಾಗಿಯೇ ಒದಗಿತು. 2004ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಫೇಸ್‌ಬುಕ್, 2006ರಲ್ಲಿ ಸರ್ವರಿಗೂ ತೆರೆಯುವ ಮುನ್ನ, ಕಾಲೇಜಿನಿಂದ ಕಾಲೇಜಿಗೆ ಹಂತಹಂತವಾಗಿ ಹಬ್ಬಿತು. ಒಂದು ಕಾಲೇಜಿಗೆ ಅದು ಬಂದಾಗ ಮತ್ತೊಂದಕ್ಕೆ ಇನ್ನೂ ಬಂದಿರಲಿಲ್ಲ. ಆ ವರ್ಷಗಳ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆಗಳನ್ನು ಬ್ರಾಗಿಯೇರಿ, ಲೆವಿ, ಮಕಾರಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿ 2022ರಲ್ಲಿ ಪ್ರಕಟಿಸಿದರು. ಫೇಸ್‌ಬುಕ್ ಬಂದ ಕಾಲೇಜುಗಳಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದುವು. ಮನೋವ್ಯಥೆಯಿಂದ ಓದು ಕೆಟ್ಟಿತೆಂದವರೂ ಹೆಚ್ಚಿದರು.

ಇದಕ್ಕೆ ಕಾರಣವೇನು? ಮಾನವನು ತನ್ನ ಯೋಗ್ಯತೆಯನ್ನು ಪರರೊಡನೆ ಹೋಲಿಸಿ ಅಳೆಯುತ್ತಾನೆಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಪ್ರತಿಪಾದಿಸಿದ್ದನು. ನೆರೆಮನೆಯವರ ಹಬ್ಬವೂ ನಮಗೆ ಗೊತ್ತು, ಸಾಲವೂ ಗೊತ್ತು. ಜಾಲತಾಣದಲ್ಲಾದರೋ ಎಲ್ಲರ ಮನೆಯಲ್ಲಿಯೂ ನಿತ್ಯ ಹಬ್ಬವೇ! ಹಾಸ್ಟೆಲಿನ ಕೋಣೆಯಲ್ಲಿ ನಡುರಾತ್ರಿ ನಿದ್ರೆಗೆಟ್ಟು ಅದನ್ನು ನೋಡುವ ವಿದ್ಯಾರ್ಥಿಗೆ ತಾನೊಬ್ಬನೇ ಹಿಂದುಳಿದನೆಂದು ತೋರಿದರೆ ಆಶ್ಚರ್ಯವಿಲ್ಲ.

ಪರಿಹಾರವೂ ಪ್ರಯೋಗದಿಂದಲೇ ತಿಳಿಯಬೇಕು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ 143 ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪು ಮೂರು ತಾಣಗಳನ್ನು ದಿನಕ್ಕೆ ತಲಾ 10 ನಿಮಿಷ ಮಾತ್ರ ಬಳಸಿತು. ಮೂರು ವಾರಗಳಲ್ಲಿ ಆ ಗುಂಪಿನವರ ಒಂಟಿತನವೂ ಖಿನ್ನತೆಯೂ ತಗ್ಗಿದುವು. ಎಂದಿನಂತೆ ಬಳಸಿದವರಲ್ಲಿಯೂ ಕಳವಳ ಸ್ವಲ್ಪ ಇಳಿಯಿತು. ತಮ್ಮ ಬಳಕೆಯ ಲೆಕ್ಕವನ್ನು ಕಣ್ಣಾರೆ ಕಂಡದ್ದೇ ಇದಕ್ಕೆ ಕಾರಣವಿರಬಹುದು.

ಆದುದರಿಂದ ಜಾಲತಾಣವನ್ನು ಪೂರ್ತಿ ತೊರೆಯಬೇಕೆಂದು ನಾವು ಹೇಳುವುದಿಲ್ಲ. ಪಾಠದ ಟಿಪ್ಪಣಿಯೂ ಊರಿನ ಸುದ್ದಿಯೂ ಅದರಿಂದಲೇ ಬರುತ್ತವೆ. ಎಲ್ಲರ ಮೇಲೂ ಅದರ ಪರಿಣಾಮ ಒಂದೇ ತೆರನಲ್ಲ. ಹೊತ್ತಿಗೆ ಮಿತಿಯಿರಲಿ, ಮಲಗುವ ಕೋಣೆಯಿಂದ ಮೊಬೈಲ್ ಹೊರಗಿರಲಿ. ಕೈಮೀರಿತೆನಿಸಿದರೆ ನಾಚಬೇಕಾಗಿಲ್ಲ. ತಂತ್ರಜ್ಞಾನದ ಹಿತಮಿತ ಬಳಕೆಗೆ ನೆರವಾಗಲೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಚಿಕಿತ್ಸಾಲಯವೊಂದನ್ನು ತೆರೆಯಿತು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಶಿವಪುರದಲ್ಲಿ ನೆರೆದವರಿಗೆ ಪಕ್ಕದಲ್ಲಿ ನಿಂತವರೇ ಬಲವಾಗಿದ್ದರು. ನಮ್ಮ ವಿದ್ಯಾರ್ಥಿಯ ಪಕ್ಕದಲ್ಲಿಯೂ ಒಬ್ಬರು ನಿಂತಿರಬೇಕು.