ಮನೆಗೆ ಬಂದ ಚಲನಚಿತ್ರ: ಬಾಡಿಗೆಯ ಲೆಕ್ಕವೂ ಗುಂಡಿಗಳ ಬಳಕೆಯೂ

ಬಾಡಿಗೆಯೆಂಬುದು ಪೆರ್ಲದ ಸುತ್ತಮುತ್ತಲಿನ ನಮಗೆ ಹೊಸ ಮಾತಲ್ಲ. ಮದುವೆ ಉಪನಯನಗಳಿಗೆ ಪಾತ್ರೆ, ಕುರ್ಚಿ, ಶಾಮಿಯಾನಗಳನ್ನು ಬಾಡಿಗೆಗೆ ತರುತ್ತೇವೆ. ಕಾರ್ಯ ಮುಗಿದ ಮರುದಿನ ಎಣಿಸಿ ಹಿಂದಿರುಗಿಸುತ್ತೇವೆ. ಒಂದು ಸೌಟು ಕಡಮೆಯಾದರೆ ಅದರ ಬೆಲೆಯನ್ನು ತೆರುತ್ತೇವೆ. 1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟುಗಳು ಹಳ್ಳಿಗಳಿಗೆ ಬಂದಾಗಲೂ ಈ ಕ್ರಮವೇ ನಡೆಯಿತು. ಟಿ.ವಿ.ಯನ್ನೂ ವಿ.ಸಿ.ಆರ್. ಯಂತ್ರವನ್ನೂ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತಂದು, ನೆರೆಕರೆಯವರನ್ನೆಲ್ಲ ಕರೆದು, ಬೆಳಗಾಗುವವರೆಗೆ ಎರಡು ಮೂರು ಚಿತ್ರಗಳನ್ನು ನೋಡಿ, ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಅಂಗಡಿಗೆ ಮುಟ್ಟಿಸುವುದು ಅಂದಿನ ರೂಢಿಯಾಗಿತ್ತು. ಈಗಿನ ಬಾಡಿಗೆಯಲ್ಲಾದರೋ ತರತಕ್ಕದ್ದೂ ಇಲ್ಲ, ಹಿಂದಿರುಗಿಸತಕ್ಕದ್ದೂ ಇಲ್ಲ. ಚಿತ್ರವು ತಂತಿಯ ಮೂಲಕ ಟಿ.ವಿ.ಗೆ ಬರುತ್ತದೆ, ಅವಧಿ ತೀರಿದೊಡನೆ ತಾನಾಗಿಯೇ ಮುಚ್ಚಿಹೋಗುತ್ತದೆ. ವಿಡಿಯೋ ಆನ್ ಡಿಮಾಂಡ್, ಅಂದರೆ ಬೇಡಿದಾಗ ದೊರೆಯುವ ಚಿತ್ರವೆಂದು ಕರೆಯಲ್ಪಡುವ ಈ ವ್ಯವಸ್ಥೆಯನ್ನು ಕಿರಿಯರು ಬೆರಳ ತುದಿಯಲ್ಲಿ ಬಲ್ಲರು. ಆದರೂ ಅದರ ಕರಾರನ್ನು ಓದಿದವರು ಹಿರಿಯರಲ್ಲಿಯೂ ವಿರಳ. ನಾವೂ ಓದಿರಲಿಲ್ಲ.

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಚಿಕ್ಕಮ್ಮ ಬೆಂಗಳೂರಿನಿಂದ ಬರುವವರಿದ್ದರು. ಅಮ್ಮನೂ ಚಿಕ್ಕಮ್ಮನೂ ಒಟ್ಟಿಗೆ ಕುಳಿತು ಒಂದು ಚಿತ್ರ ನೋಡದೆ ಇಪ್ಪತ್ತು ವರ್ಷಗಳೇ ಆಗಿದ್ದುವು. ಅದಕ್ಕಾಗಿ ಕನ್ನಡ ಚಿತ್ರವೊಂದನ್ನು ಹಣ ಕೊಟ್ಟು ಬಾಡಿಗೆಗೆ ಪಡೆದೆವು. ಶುಕ್ರವಾರ ಸಂಜೆ ಏಳು ಗಂಟೆಗೆ ಮನೆಯ ಹುಡುಗನು, ಚಿತ್ರ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಲು, ಎರಡು ನಿಮಿಷಗಳ ಮಟ್ಟಿಗೆ ಓಡಿಸಿ ನಿಲ್ಲಿಸಿದನು. ಸದುದ್ದೇಶದಿಂದಲೇ ಮಾಡಿದ ಕೆಲಸ. ಭಾನುವಾರ ಸಂಜೆ ಏಳೂಕಾಲಕ್ಕೆ ಎಲ್ಲರೂ ಊಟ ಮುಗಿಸಿ ಚಾವಡಿಯಲ್ಲಿ ಕುಳಿತಾಗ, ಪರದೆಯ ಮೇಲೆ ಚಿತ್ರದ ಬದಲಿಗೆ ಮತ್ತೊಮ್ಮೆ ಬಾಡಿಗೆ ಕೊಡಿರೆಂಬ ಬರಹವು ಕಾಣಿಸಿಕೊಂಡಿತು. ಒಮ್ಮೆ ಆರಂಭಿಸಿದ ಮೇಲೆ 48 ಗಂಟೆಗಳೆಂಬುದು ಕರಾರು. ಅದು ಕಾಲು ಗಂಟೆಯ ಹಿಂದೆ ತೀರಿತ್ತು. ಚಿಕ್ಕಮ್ಮ ಮರುದಿನ ಮುಂಜಾನೆಯ ಬಸ್ಸಿಗೆ ಹೊರಡುವವರಾದುದರಿಂದ ಬೇಗನೆ ಮಲಗಲು ಹೋದರು. ಅಮ್ಮ ಮಾತ್ರ ಕೇಳಿದರು: “ಹಣ ಕೊಟ್ಟದ್ದು ನಾವಲ್ಲವಾ ಮಗಾ? ಗಡಿಯಾರ ಯಾರದ್ದು?”

ಆ ಪ್ರಶ್ನೆಗೆ ಉತ್ತರವನ್ನು ಹುಡುಕಿದುದರ ಫಲವೇ ಈ ಲೇಖನ.

ನಮ್ಮ ಹಿರಿಯರ ಕಾಲದ ದಸ್ತಾವೇಜುಗಳನ್ನು ನೋಡಿದವರಿಗೆ ಮೂಲಗೇಣಿ, ವಾಯಿದೆಗೇಣಿ, ಚಾಲಗೇಣಿಗಳೆಂಬ ಶಬ್ದಗಳು ಪರಿಚಿತವಾಗಿರಬಹುದು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ದಿನಗಳಲ್ಲಿ ಭೂಮಿಯನ್ನು ಈ ರೀತಿಗಳಿಂದ ಸಾಗುವಳಿಗೆ ಕೊಡುತ್ತಿದ್ದರು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿಯು ರದ್ದಾಯಿತು. ಶಬ್ದಗಳು ಮಾತ್ರ ಉಳಿದಿವೆ. ಅವು ಈಗ ಚಲನಚಿತ್ರದ ವ್ಯವಹಾರವನ್ನು ತಿಳಿಯಲು ನೆರವಾಗುವುವೆಂದರೆ ಓದುಗರು ನಗಬಹುದು. ಆದರೆ ಸಾಮ್ಯವು ಆಶ್ಚರ್ಯಕರವಾಗಿದೆ.

ಒಂದೇ ಚಿತ್ರಕ್ಕೆಂದು ಹಣ ಕೊಟ್ಟು ಗೊತ್ತಾದ ಅವಧಿಯೊಳಗೆ ನೋಡುವುದು ವಾಯಿದೆಗೇಣಿ. ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟಿ ಇರುವ ಚಿತ್ರಗಳನ್ನೆಲ್ಲ ನೋಡುವುದು ಚಾಲಗೇಣಿಯಂತಹದು: ಕಟ್ಟುವವರೆಗೆ ಉಂಟು, ಬಿಟ್ಟ ದಿನ ಇಲ್ಲ, ಅಲ್ಲದೆ ಇಂದು ಪಟ್ಟಿಯಲ್ಲಿದ್ದ ಚಿತ್ರವನ್ನು ನಾಳೆ ಒಡೆಯನು ತೆಗೆದುಬಿಟ್ಟರೆ ಚಂದಾದಾರನು ಕೇಳುವಂತಿಲ್ಲ. ಮೂರನೆಯದಾಗಿ, ಕೆಲವು ಅಂಗಡಿಗಳಲ್ಲಿ “ಕೊಳ್ಳಿರಿ” ಎಂಬ ಗುಂಡಿಯೂ ಇರುತ್ತದೆ. ಅದನ್ನು ಒತ್ತಿದವರು ಚಿತ್ರವು ತಮ್ಮದಾಯಿತೆಂದು ಭಾವಿಸುತ್ತಾರೆ. ನಿಜವಾಗಿ ದೊರೆಯುವುದು ಅವಧಿ ಹಾಕದ ಅನುಮತಿ ಮಾತ್ರ. ಕಪಾಟಿನಲ್ಲಿಡುವ ತಟ್ಟೆಯೂ ಇಲ್ಲ, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕೂ ಇಲ್ಲ. ಅಂಗಡಿಯೇ ಮುಚ್ಚಿದರೆ ಗತಿಯೇನೆಂಬುದು ಕರಾರನ್ನು ಅವಲಂಬಿಸುತ್ತದೆ. ಇದು ಮೂಲಗೇಣಿಗೂ ತುಸು ಕೆಳಗಿನದೇ ಸರಿ.

ಕನ್ನಡ ಚಿತ್ರವೊಂದರಿಂದಲೇ ಉದಾಹರಣೆ ಕೊಡುವುದಾದರೆ, “ಕೆ.ಜಿ.ಎಫ್. ಅಧ್ಯಾಯ 2” ಚಿತ್ರವು 2022ರ ಏಪ್ರಿಲ್ 14ರಂದು ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಅದೇ ಏಪ್ರಿಲ್ ತಿಂಗಳ ಕೊನೆಯಲ್ಲಿ ಪ್ರೈಮ್ ವಿಡಿಯೋ ಸಂಸ್ಥೆಯು ಭಾರತದಲ್ಲಿ ಬಾಡಿಗೆಯ ಅಂಗಡಿಯನ್ನು ತೆರೆದಿತ್ತು. ಮೇ 16ರಿಂದ ಈ ಚಿತ್ರವು ಅಲ್ಲಿ 199 ರೂಪಾಯಿಗಳ ಬಾಡಿಗೆಗೆ ದೊರೆಯಿತು. ಜೂನ್ 3ರಿಂದ ಚಂದಾದಾರರಿಗೆ ಬೇರೆ ಹಣವಿಲ್ಲದೆಯೇ ದೊರೆಯಿತು. ಅಂದರೆ ಚಂದಾ ಕಟ್ಟಿದ್ದ ಮನೆಯವರು ಹದಿನೆಂಟು ದಿನ ಕಾದಿದ್ದರೆ 199 ರೂಪಾಯಿ ಉಳಿಯುತ್ತಿತ್ತು. ಆದುದರಿಂದ ಬಾಡಿಗೆಯ ಗುಂಡಿ ಒತ್ತುವ ಮೊದಲು, ಈ ಚಿತ್ರವು ನಾವು ಈಗಾಗಲೇ ಕಟ್ಟಿರುವ ಚಂದಾದೊಳಗೆ ಬರುತ್ತದೆಯೇ, ಸದ್ಯದಲ್ಲಿ ಬರಲಿದೆಯೇ ಎಂದು ವಿಚಾರಿಸಿಕೊಳ್ಳತಕ್ಕದ್ದು. ಆ ಅಂಗಡಿಯು ಆರಂಭದಲ್ಲಿ ಪ್ರಕಟಿಸಿದ ನಿಯಮದಲ್ಲಿ ಎರಡು ಅವಧಿಗಳಿದ್ದುವು: ಹಣ ಕೊಟ್ಟ ದಿನದಿಂದ ನೋಡಲು ಆರಂಭಿಸುವುದಕ್ಕೆ 30 ದಿನ; ಆರಂಭಿಸಿದ ಮೇಲೆ ಮುಗಿಸುವುದಕ್ಕೆ 48 ಗಂಟೆ. ಎರಡು ಗಡಿಯಾರಗಳೆಂದು ತಿಳಿಯಿರಿ. ಮೊದಲನೆಯದು ಸಾವಕಾಶದ್ದು, ಎರಡನೆಯದು ಅವಸರದ್ದು. ಮೊದಲನೆಯದನ್ನು ನಿಲ್ಲಿಸಿ ಎರಡನೆಯದಕ್ಕೆ ಕೀಲಿ ಕೊಡುವವರು ನಾವೇ.

ಬಾಡಿಗೆಯ ಹಣ ಯಾರಿಗೆ ಸೇರುತ್ತದೆ ಎಂಬುದೂ ವಿಚಾರಯೋಗ್ಯವಾಗಿದೆ. ಕೇರಳ ಸರಕಾರವು 2024ರ ಮಾರ್ಚ್ 7ರಂದು “ಸಿ ಸ್ಪೇಸ್” ಎಂಬ ತನ್ನದೇ ವೇದಿಕೆಯನ್ನು ಆರಂಭಿಸಿದಾಗ, ಚಂದಾ ಇಲ್ಲದೆ, ನೋಡಿದ ಚಿತ್ರಕ್ಕೆ ಮಾತ್ರ 75 ರೂಪಾಯಿ, ಅದರಲ್ಲಿ ಅರ್ಧ ಚಿತ್ರದ ನಿರ್ಮಾಪಕರಿಗೆ ಎಂಬ ಕ್ರಮವನ್ನಿಟ್ಟಿತು. ಅದೇ ವರ್ಷದ ಜುಲೈಯಲ್ಲಿ, ನಮ್ಮ ಕರಾವಳಿಯ ಕತೆಗಳನ್ನುಳ್ಳ “ಏಕಂ” ಎಂಬ ಕನ್ನಡ ಸರಣಿಯನ್ನು ದೊಡ್ಡ ವೇದಿಕೆಗಳು ಕೊಳ್ಳದಿದ್ದಾಗ, ನಿರ್ಮಾಪಕರಾದ ರಕ್ಷಿತ್ ಶೆಟ್ಟಿಯವರ ಬಳಗದವರು ತಮ್ಮದೇ ಜಾಲತಾಣವನ್ನು ನಿರ್ಮಿಸಿ ನೋಡುಗರಿಂದ ನೇರವಾಗಿ ಹಣ ಪಡೆದು ತೋರಿಸಿದರು. ಕನ್ನಡದ ಸಣ್ಣ ಚಿತ್ರಗಳಿಗೆ ಈ ಬಿಡಿ ಬಾಡಿಗೆಯು ಚಂದಾಕ್ಕಿಂತ ಹೆಚ್ಚು ಆಸರೆಯಾದೀತೆಂದು ನಮ್ಮ ಅಭಿಪ್ರಾಯ.

ಇನ್ನು ಗುಂಡಿಗಳ ವಿಷಯ. ರಿಮೋಟಿನಲ್ಲಿರುವ ತ್ರಿಕೋನವು ಟೇಪಿನ ಕಾಲದ ಉಳಿಕೆ. ಟೇಪು ಸಾಗುವ ದಿಕ್ಕನ್ನು ಅದು ತೋರಿಸುತ್ತಿತ್ತು. ಅಂದು ಹಿಂದಕ್ಕೆ ಹೋಗುವುದೆಂದರೆ ಸುರುಳಿಯು ನಿಜವಾಗಿಯೂ ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು. ಈಗ ಸುತ್ತುವುದಕ್ಕೆ ಏನೂ ಇಲ್ಲ. ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ದೂರದ ಗಣಕಯಂತ್ರಗಳಲ್ಲಿ ಇಟ್ಟಿರುತ್ತಾರೆ. ಒಂದೊಂದು ತುಂಡಿಗೂ ಸ್ಪಷ್ಟ, ಸಾಧಾರಣ, ಮಸುಕು ಎಂಬಂತೆ ಹಲವು ದರ್ಜೆಯ ಪ್ರತಿಗಳು. ಟಿ.ವಿ.ಯು ಒಂದು ತುಂಡನ್ನು ತೋರಿಸುತ್ತಿರುವಾಗಲೇ ಮುಂದಿನ ಕೆಲವು ತುಂಡುಗಳನ್ನು ತರಿಸಿ ಸಂಗ್ರಹಿಸುತ್ತದೆ, ಬೇಸಗೆಗೆಂದು ಮದಕದಲ್ಲಿ ನೀರು ನಿಲ್ಲಿಸಿದಂತೆ. ತಂತಿಯಲ್ಲಿ ಹರಿವು ಕಡಮೆಯಾದರೆ ಮಸುಕು ದರ್ಜೆಯ ತುಂಡನ್ನು ಬೇಡುತ್ತದೆ. ಸಂಗ್ರಹವೂ ಬತ್ತಿದರೆ ಪರದೆಯ ನಡುವೆ ಚಕ್ರ ತಿರುಗುತ್ತದೆ. ಹತ್ತು ಸೆಕೆಂಡು ಹಿಂದೆ ಹೋದರೆ ಚಿತ್ರವು ತಟ್ಟನೆ ಬರುವುದೂ, ಒಂದು ಗಂಟೆ ಮುಂದೆ ಹಾರಿದರೆ ಚಕ್ರ ತಿರುಗುವುದೂ ಈ ಕಾರಣದಿಂದಲೇ: ಹಿಂದಿನ ತುಂಡು ಸಾಮಾನ್ಯವಾಗಿ ಕೈಯಲ್ಲೇ ಉಂಟು, ಮುಂದಿನದನ್ನು ಹೊಸತಾಗಿ ತರಿಸಬೇಕು.

ಇನ್ನೊಂದು ಸ್ವಾರಸ್ಯ. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ ಸಿನೆಮಾದಲ್ಲಿ ಪ್ರತಿಯೊಂದನ್ನೂ ಪೂರ್ತಿಯಾಗಿ ಕಳುಹಿಸುವುದಿಲ್ಲ. ಒಂದು ಪೂರ್ಣ ಚಿತ್ರ, ಅನಂತರ ಅದಕ್ಕಿಂತ ಬದಲಾದ ಅಂಶಗಳು ಮಾತ್ರ, ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು ಪೂರ್ಣ ಚಿತ್ರ. ನಡುವೆ ಎಲ್ಲಿಗಾದರೂ ಹಾರಿದರೆ ಯಂತ್ರವು ಸಮೀಪದ ಪೂರ್ಣ ಚಿತ್ರವನ್ನು ಆಶ್ರಯಿಸಬೇಕು. ಬೇಕಾದ ಮಾತಿಗೆ ಸರಿಯಾಗಿ ನಿಲ್ಲದೆ ತುಸು ಹಿಂದೆಯೋ ಮುಂದೆಯೋ ನಿಂತರೆ ರಿಮೋಟನ್ನು ಬಡಿಯಬೇಕಾಗಿಲ್ಲ. ಈ ವಿದ್ಯೆಯು ಸುಲಭವಾಗಿ ಬಂದುದಲ್ಲ. ಅಮೆರಿಕದ ಒರ್ಲಾಂಡೋ ನಗರದಲ್ಲಿ ಟೈಮ್ ವಾರ್ನರ್ ಸಂಸ್ಥೆಯು 1994ರ ಡಿಸೆಂಬರಿನಲ್ಲಿ, ಬೇಡಿದ ಚಿತ್ರವನ್ನು ಬೇಡಿದಾಗ ಕೊಟ್ಟು, ನಿಲ್ಲಿಸಲೂ ಹಿಂದೆ ಸರಿಸಲೂ ಅವಕಾಶವುಳ್ಳ ಪ್ರಯೋಗವನ್ನು ಆರಂಭಿಸಿ ಸುಮಾರು 4000 ಮನೆಗಳಿಗೆ ಒದಗಿಸಿತು. ಯಂತ್ರಗಳ ಖರ್ಚನ್ನು ತಾಳಲಾರದೆ 1997ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಿ ನೋಡಲಿ. ಸ್ಪಷ್ಟವಾದ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಬೇಕೆಂದಿರಲಿ. ಎರಡು ಗಂಟೆಗಳೆಂದರೆ 7200 ಸೆಕೆಂಡುಗಳು; ಒಟ್ಟು 36,000 ಮೆಗಾಬಿಟ್. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದುದರಿಂದ ಎಂಟರಿಂದ ಭಾಗಿಸಿದರೆ 4500 ಮೆಗಾಬೈಟ್, ಅಂದರೆ ನಾಲ್ಕೂವರೆ ಜಿ.ಬಿ. ದಿನಕ್ಕೆ 2 ಜಿ.ಬಿ. ಮಿತಿಯುಳ್ಳ ಮೊಬೈಲಿನ ಮೂಲಕ ಟಿ.ವಿ.ಗೆ ಸಂಪರ್ಕ ಕೊಟ್ಟಿದ್ದರೆ ಐವತ್ತಮೂರು ನಿಮಿಷಗಳಲ್ಲಿ ಮಿತಿಯು ಮುಗಿದು, ಕತೆ ಕಾವೇರುವ ಹೊತ್ತಿಗೆ ಚಿತ್ರ ನಿಲ್ಲುತ್ತದೆ. ಗುಣಮಟ್ಟವನ್ನು ಸೆಕೆಂಡಿಗೆ 1 ಮೆಗಾಬಿಟ್‌ಗೆ ಇಳಿಸಿದರೆ 900 ಮೆಗಾಬೈಟಿನಲ್ಲಿ ಇಡೀ ಚಿತ್ರವೇ ಮುಗಿಯುತ್ತದೆ. ಗುಣಮಟ್ಟವನ್ನು ಇಳಿಸುವ ಈ ಆಯ್ಕೆಯು ಬಹುತೇಕ ವೇದಿಕೆಗಳಲ್ಲಿ ಉಂಟು, ಹುಡುಕಿಕೊಳ್ಳಬೇಕು.

ನಿಲ್ಲಿಸುವ ಗುಂಡಿಯನ್ನು ಒತ್ತಿದರೆ ನಿಲ್ಲುವುದು ಚಿತ್ರ ಮಾತ್ರ, ಬಾಡಿಗೆಯ ಗಡಿಯಾರವಲ್ಲ. ಆಟಿ ತಿಂಗಳ ಮಳೆಗೆ ಕಂಗಿನ ಮರ ತಂತಿಯ ಮೇಲೆ ಬಿದ್ದು ಕರೆಂಟು ಹೋದರೂ ಅದು ನಿಲ್ಲುವುದಿಲ್ಲ. ಆದುದರಿಂದ ನಮ್ಮ ಮಳೆಗಾಲದಲ್ಲಿ ಚಿತ್ರವನ್ನು ಬಾಡಿಗೆಗೆ ಪಡೆಯುವವರು ಎಲ್ಲರೂ ಕುಳಿತ ಮೇಲೆಯೇ ಆರಂಭಿಸುವುದು ಲೇಸು. ಪರೀಕ್ಷಿಸಿ ನೋಡಬೇಕೆಂದಿದ್ದರೆ ಹಣವಿಲ್ಲದ ಮುನ್ನೋಟದ ತುಣುಕನ್ನು ಓಡಿಸಿದರೆ ಸಾಕು. ಸ್ವರ, ಬೆಳಕು, ಸಂಪರ್ಕಗಳ ಸ್ಥಿತಿಯು ಅದರಿಂದಲೇ ತಿಳಿಯುತ್ತದೆ. ನಮ್ಮ ಹುಡುಗನು ಮಾಡಬೇಕಾಗಿದ್ದುದು ಅದನ್ನೇ.

ನಿಲ್ಲಿಸುವ ಗುಂಡಿಯ ಬೆಲೆಯನ್ನು ನಮ್ಮ ಮಕ್ಕಳು ಬೇರೊಂದು ಸಂದರ್ಭದಲ್ಲಿ ಅರಿತರು. 2020ರ ಜೂನ್ 1ರಂದು ಕೇರಳದಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯ ಮೂಲಕ “ಫಸ್ಟ್ ಬೆಲ್” ಪಾಠಗಳು ಆರಂಭವಾದುವು. ಕನ್ನಡ ಮಾಧ್ಯಮದ ಪಾಠಗಳೂ ಯೂಟ್ಯೂಬಿನಲ್ಲಿ ದೊರೆತುವು. ವಾಹಿನಿಯಲ್ಲಿ ಹರಿದುಹೋದ ಪಾಠವು ಹೋದಂತೆಯೇ. ಯೂಟ್ಯೂಬಿನದನ್ನಾದರೋ ನಿಲ್ಲಿಸಿ, ಬರೆದುಕೊಂಡು, ತಿಳಿಯದ ಹೆಜ್ಜೆಗೆ ಹಿಂದಿರುಗಬಹುದಾಗಿತ್ತು. ತರಗತಿಯಲ್ಲಿ ಕೈಯೆತ್ತಿ “ಇನ್ನೊಮ್ಮೆ ಹೇಳಿ ಟೀಚರ್” ಎನ್ನಲು ಸಂಕೋಚಪಡುವ ಮಗುವಿಗೆ ಅದು ದೊಡ್ಡ ಉಪಕಾರವೇ ಆಯಿತು. ಆದರೆ ವೇಗವನ್ನು ಹೆಚ್ಚಿಸಿ ಪಾಠವನ್ನು ಅರ್ಧ ಸಮಯದಲ್ಲಿ ಓಡಿಸಿ ಮುಗಿಸಿದ ಜಾಣರೂ ಇದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಪೋಷಕರು ಗಮನಿಸತಕ್ಕ ವಿಷಯಗಳು ಎರಡಿವೆ. ಮುಂಗಡವಾಗಿ ತುಂಬಿಸಿಟ್ಟ ಹಣವು ಖಾತೆಯಲ್ಲಿದ್ದರೆ ಬಾಡಿಗೆಯು ಒಂದೆರಡು ಒತ್ತಿನಲ್ಲಿಯೇ ಆಗಿಹೋಗಬಹುದು. ಆದುದರಿಂದ ಖರೀದಿಗೆ ಗುಪ್ತಸಂಖ್ಯೆಯ ಬೀಗವನ್ನು ಹಾಕಿಡಬೇಕು, ಅದು ಮಗುವಿನ ಹುಟ್ಟಿದ ದಿನಾಂಕವಾಗಿರಬಾರದು. ಚಂದಾದ ವಿಷಯದಲ್ಲಾದರೆ, ತಾನಾಗಿಯೇ ನವೀಕರಣಗೊಳ್ಳುವ ಪಾವತಿಗಳ ಕುರಿತು 24 ಗಂಟೆಗಳ ಮೊದಲೇ ಸೂಚನೆ ಬರತಕ್ಕದ್ದೆಂಬ ರಿಸರ್ವ್ ಬ್ಯಾಂಕಿನ ನಿಯಮವು 2021ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಮೊಬೈಲಿಗೆ ಬರುವ ಆ ಸಂದೇಶವನ್ನು ಓದದೆ ಅಳಿಸಬಾರದು. ಎರಡನೆಯದು, ವಯಸ್ಸಿನ ಗುರುತು. 2021ರ ಫೆಬ್ರವರಿಯ ಕೇಂದ್ರ ನಿಯಮಗಳು ಇಂತಹ ವೇದಿಕೆಗಳ ಚಿತ್ರಗಳನ್ನು ಎಲ್ಲರಿಗೂ, 7, 13, 16 ವರ್ಷ ಮೀರಿದವರಿಗೆ, ವಯಸ್ಕರಿಗೆ ಎಂದು ವಿಂಗಡಿಸಿ, 13ರ ಗುರುತಿನಿಂದ ಮೇಲಿನವುಗಳಿಗೆ ಪೋಷಕರು ಬೀಗ ಹಾಕಲು ಅನುಕೂಲವಿರಬೇಕೆಂದು ವಿಧಿಸಿದುವು. ಅನುಕೂಲವನ್ನು ಅವರು ಕೊಟ್ಟಾರು. ಬೀಗವನ್ನು ಹಾಕಬೇಕಾದವರು ನಾವು.

“ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ” ಎಂಬ 2018ರ ಚಿತ್ರವು ನಮ್ಮಂತಹ ಕನ್ನಡ ಶಾಲೆಯದೇ ಕತೆಯಾದುದರಿಂದ, ಇಂತಹ ಚಿತ್ರವನ್ನು ಬಾಡಿಗೆಗೆ ಪಡೆದು ಶಾಲೆಯಲ್ಲಿಯೇ ಎಲ್ಲರಿಗೂ ತೋರಿಸಬಾರದೇಕೆಂದು ಕೇಳುವವರುಂಟು. 1957ರ ಕೃತಿಸ್ವಾಮ್ಯ ಕಾನೂನು ಶಾಲೆಯ ಚಟುವಟಿಕೆಯ ಅಂಗವಾಗಿ, ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಮತ್ತು ಶಾಲೆಯ ಕಾರ್ಯಗಳಿಗೆ ಸಂಬಂಧಪಟ್ಟವರು ಮಾತ್ರ ಸೇರಿ ಚಿತ್ರ ನೋಡುವುದಕ್ಕೆ ವಿನಾಯಿತಿಯನ್ನು ಕೊಟ್ಟಿದೆ. ಆದರೆ ಬಾಡಿಗೆಯ ಕರಾರು ಬೇರೆ. ಅದು ಸಾಮಾನ್ಯವಾಗಿ ಮನೆಯೊಳಗಿನ ಸ್ವಂತ ನೋಟಕ್ಕೆ ಮಾತ್ರ ಒಪ್ಪುತ್ತದೆ. ಒಂದು ಪತ್ರ ಬರೆದು ನಿರ್ಮಾಪಕರ ಅನುಮತಿಯನ್ನು ಪಡೆಯುವುದೇ ನೇರವಾದ ದಾರಿ.

ನವರಾತ್ರಿಗೆ ಚಿಕ್ಕಮ್ಮ ಮತ್ತೆ ಬಂದಿದ್ದರು. ಅದೇ ಚಿತ್ರಕ್ಕೆ ಎರಡನೆಯ ಬಾರಿ ಬಾಡಿಗೆ ಕೊಟ್ಟು, ಇಬ್ಬರೂ ಕುಳಿತ ಮೇಲೆಯೇ ತ್ರಿಕೋನವನ್ನು ಒತ್ತಿದೆವು. ಅರ್ಧ ಗಂಟೆಯಾಗುವಷ್ಟರಲ್ಲಿ ಪರದೆಯ ಮೇಲೊಂದು ಹಳೆಯ ಮನೆಯ ಜಗಲಿ ಬಂದಿತು. “ಸ್ವಲ್ಪ ನಿಲ್ಲಿಸು ಮಗಾ,” ಎಂದರು ಅಮ್ಮ. ತಮ್ಮ ತವರುಮನೆಯ ಜಗಲಿ, ಬಾವಿಕಟ್ಟೆ, ತೀರಿಹೋದ ಅಣ್ಣಂದಿರ ಮಾತು ಬಂದು ಚಹಾ ಎರಡು ಸಲ ಆಯಿತು. ಎರಡು ಗಂಟೆಗಳ ಚಿತ್ರ ಮುಗಿಯುವಾಗ ನಾಲ್ಕು ಗಂಟೆಗಳಾಗಿದ್ದುವು. ಗಡಿಯಾರದಲ್ಲಿ ಇನ್ನೂ ನಲವತ್ತನಾಲ್ಕು ಉಳಿದಿದ್ದುವು.